ಮುಕ್ಕಾಲು ಗಂಟೆಯ ಕೆಲಸ

“ಹತ್ತು ನಿಮಿಷದಲ್ಲಿ ಹಾಕಬಹುದು ಸಾರ್. ನಾನು ಹಾಗೆ ಹಾಕಲ್ಲ. ಮುಕ್ಕಾಲು ಗಂಟೆ ಟೈಮಿದ್ರೆ ಕೂತ್ಕೊಳ್ಳಿ.”

ಕೊಟ್ಟಿಗೆಹಾರದ ರಸ್ತೆ ಬದಿಯ ಒಂದು ಗ್ಯಾರೇಜಿನಲ್ಲಿ ನನಗೆ ಸಿಕ್ಕ ಉತ್ತರ ಇದು. ಚಾರ್ಮಾಡಿ ಘಾಟಿ ಇಳಿದು ಉಜಿರೆ ಕಡೆಗೆ ಹೊರಟಿದ್ದೆ. ಮೂಡಿಗೆರೆ ದಾಟಿದ ಮೇಲೆ ಮುಂದಿನ ಬ್ರೇಕು ಹಿಡಿದಾಗಲೆಲ್ಲ ಚಕ್ರದ ಕಡೆಯಿಂದ ಸಣ್ಣದೊಂದು ಸದ್ದು ಬರತೊಡಗಿತ್ತು. ಬಣಕಲ್ ಬರುವಷ್ಟರಲ್ಲಿ ಅದು ತಗಡಿನ ಮೇಲೆ ಮೊಳೆ ಎಳೆದಂಥ ಕರಕರ ಆಗಿತ್ತು. ಗ್ಯಾರೇಜಿನ ಹುಡುಗರು ‘ಉಸ್ತಾದ್’ ಎಂದು ಕರೆಯುವ, ಐವತ್ತು ದಾಟಿದ ಆ ಮನುಷ್ಯ ಸದ್ದಿನ ವಿಷಯ ನಾನು ಹೇಳಿ ಮುಗಿಸುವ ಮೊದಲೇ ಕುಕ್ಕರಗಾಲಲ್ಲಿ ಕೂತು ಡಿಸ್ಕಿನ ಅಂಚಿಗೆ ಉಗುರು ತಾಗಿಸಿ ನೋಡುತ್ತಿದ್ದರು.

ಅವರು ಆ ದಿನ ಮಾಡಿದ ಕೆಲಸವನ್ನು ಇಲ್ಲಿ ಬಿಡಿಸಿ ಹೇಳಬೇಕೆಂದಿದ್ದೇನೆ. ಬ್ರೇಕ್ ಪ್ಯಾಡ್ ಬದಲಿಸುವುದು ನಮ್ಮ ಊರುಗಳಲ್ಲಿ ದಿನಾ ನಡೆಯುವ, ಯಾರೂ ಎರಡನೇ ಸಲ ನೋಡದ ಕೆಲಸ. ಹಳೆಯದನ್ನು ತೆಗೆದು ಹೊಸದನ್ನು ಹಾಕುವುದಕ್ಕೆ ನಿಜವಾಗಿಯೂ ಹತ್ತು ನಿಮಿಷ ಸಾಕು. ಉಳಿದ ಮೂವತ್ತೈದು ನಿಮಿಷ ಏನಾಗುತ್ತದೆ ಎಂಬುದನ್ನು ಅವತ್ತು ನಾನು ಮೊದಲ ಸಲ ಪೂರ್ತಿಯಾಗಿ ಕೂತು ನೋಡಿದೆ.

ಬ್ರೇಕು ಓಟವನ್ನು ನುಂಗಿಬಿಡುವುದಿಲ್ಲ, ಅದನ್ನು ಬಿಸಿಯಾಗಿ ಬದಲಿಸುತ್ತದೆ. ಬೈಕು, ಸವಾರ, ಹಿಂದೆ ಕೂತವರು, ಒಂದು ಚೀಲ ಎಲ್ಲ ಸೇರಿ 300 ಕಿಲೋ ಎಂದುಕೊಳ್ಳಿ. 500 ಮೀಟರ್ ಎತ್ತರದಿಂದ ಕೆಳಗಿಳಿದರೆ ಅಷ್ಟು ಭಾರ ಬಿಟ್ಟುಕೊಡುವ ಶಕ್ತಿಯಲ್ಲಿ ನಾಲ್ಕೂವರೆ ಲೀಟರ್ ತಣ್ಣೀರು ಕುದಿ ಬರುತ್ತದೆ. ಅದರಲ್ಲಿ ಸ್ವಲ್ಪವನ್ನು ಎದುರುಗಾಳಿ ಹೊರುತ್ತದೆ, ತಕ್ಕ ಗೇರಿನಲ್ಲಿದ್ದರೆ ಎಂಜಿನ್ನು ಬಹುಪಾಲು ಹೊರುತ್ತದೆ. ಹತ್ತಿದ ಗೇರಿನಲ್ಲೇ ಇಳಿಯಬೇಕು ಎಂದು ಘಾಟಿಯ ಹಳೆಯ ಡ್ರೈವರುಗಳು ಹೇಳುವುದು ಅದಕ್ಕೇ. ಮಿಕ್ಕದ್ದು ಬಂದು ಬೀಳುವುದು ಹೆಬ್ಬೆರಳಿನಷ್ಟು ಉದ್ದದ ಎರಡು ಬಿಲ್ಲೆಗಳ ಮೇಲೆ. ಬ್ರೇಕು ಹಿಡಿದಾಗ ಗಾಡಿಯ ಭಾರವೆಲ್ಲ ಮುಂದಕ್ಕೆ ವಾಲುವುದರಿಂದ ಮುಂದಿನ ಚಕ್ರದ ಪ್ಯಾಡುಗಳದ್ದೇ ದೊಡ್ಡ ಪಾಲು.

ಪ್ಯಾಡು ಎಂದರೆ ಒಂದು ಉಕ್ಕಿನ ತಗಡು, ಅದರ ಮೇಲೆ ಗಟ್ಟಿಯಾಗಿ ಅಂಟಿಸಿದ ಸವೆಯುವ ಪದರ. ಹೊಸದರಲ್ಲಿ ಆ ಪದರ ನಾಲ್ಕೈದು ಮಿಲಿಮೀಟರ್ ದಪ್ಪವಿರುತ್ತದೆ. ಒಂದು ಮಿಲಿಮೀಟರಿಗೆ ಬಂದರೆ ಬದಲಿಸಲೇಬೇಕು. ಅಗ್ಗದ ಬಗೆಯಲ್ಲಿ ನಾರು, ರಾಳ, ಪುಡಿಗಳನ್ನು ಸೇರಿಸಿ ಒತ್ತಿರುತ್ತಾರೆ. ಇನ್ನೊಂದು ಬಗೆಯಲ್ಲಿ ತಾಮ್ರದಂಥ ಲೋಹಗಳ ಪುಡಿಯನ್ನು ಒತ್ತಿ ಕಾಸಿ ಒಂದಾಗಿಸಿರುತ್ತಾರೆ. ಎರಡನೆಯದು ಮಳೆಯಲ್ಲೂ ಬಿಸಿಯಲ್ಲೂ ಹೆಚ್ಚು ತಾಳುತ್ತದೆ, ಡಿಸ್ಕನ್ನು ಸ್ವಲ್ಪ ಹೆಚ್ಚು ತಿನ್ನುತ್ತದೆ. ಬೈಕಿನ ಕಂಪನಿ ಯಾವುದನ್ನು ಹೇಳಿದೆಯೋ ಅದನ್ನೇ ಹಾಕುವುದು ಒಳ್ಳೆಯದು ಎಂಬುದು ಉಸ್ತಾದರ ಮತ, ನನ್ನದೂ ಅದೇ.

ಡಿಸ್ಕ್ ಬ್ರೇಕಿನ ಕಲ್ಪನೆ ಹಳೆಯದು. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದ. ಆದರೆ ಆತ ಬಳಸಿದ್ದು ತಾಮ್ರದ ಪ್ಯಾಡು. ಅದರ ಕಿರುಚಾಟ ತಾಳಲಾರದ್ದಾಗಿತ್ತು. ಡಿಸ್ಕಿಗೆ ಹೆಸರು ಬಂದದ್ದು 1953ರಲ್ಲಿ, ಡಿಸ್ಕ್ ಬ್ರೇಕಿನ ಜಾಗ್ವಾರ್ ಕಾರು ಫ್ರಾನ್ಸಿನ ಲ ಮಾನ್ ಓಟ ಗೆದ್ದಾಗ. ಬೈಕಿನಲ್ಲಿ ಅದು ಸಾಮಾನ್ಯ ಸಂಗತಿಯಾಗಲು ದಾರಿ ಮಾಡಿದ್ದು 1969ರ ಹೋಂಡಾ ಸಿಬಿ 750. ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬರುತ್ತಿದ್ದ ಜಾವಾ, ಯೆಜ್ಡಿಗಳಲ್ಲಿ ಇದ್ದದ್ದು ಡ್ರಮ್ ಬ್ರೇಕು. ಶೂ ಸವೆದ ಹಾಗೆಲ್ಲ ಸರಳಿನ ಅಥವಾ ಕೇಬಲಿನ ನಟ್ಟು ತಿರುಗಿಸಿ ‘ಬ್ರೇಕ್ ಟೈಟ್’ ಮಾಡುವುದು ಆ ಕಾಲದ ಸವಾರರಿಗೆಲ್ಲ ಗೊತ್ತಿದ್ದ ವಿದ್ಯೆ. ಡಿಸ್ಕ್ ಬ್ರೇಕಿನಲ್ಲಿ ಆ ನಟ್ಟೇ ಇಲ್ಲ. ಪ್ಯಾಡು ಸವೆದಷ್ಟೂ ಬ್ರೇಕು ತಾನಾಗಿ ಹತ್ತಿರ ಬರುತ್ತದೆ. ಲಿವರ್ ಕೊನೆಯವರೆಗೂ ಹೊಸದರ ಹಾಗೇ ಗಟ್ಟಿಯಾಗಿರುತ್ತದೆ, ಆದ್ದರಿಂದ ಸವೆತ ಕೈಗೆ ತಿಳಿಯುವುದೇ ಇಲ್ಲ. ನೋಡಬೇಕು, ಇಲ್ಲವೇ ಕೇಳಿಸಿಕೊಳ್ಳಬೇಕು.

ಉಸ್ತಾದ್ ಎರಡನ್ನೂ ಮಾಡಿದರು. ಬೈಕನ್ನು ಡಬಲ್ ಸ್ಟ್ಯಾಂಡ್ ಹಾಕಿ, ಹುಡುಗನಿಗೆ ಹಿಂದೆ ಒತ್ತಿ ಹಿಡಿಯಲು ಹೇಳಿ, ಮುಂದಿನ ಚಕ್ರವನ್ನು ಕೈಯಿಂದ ತಿರುಗಿಸಿ ಕಿವಿ ಹತ್ತಿರ ತಂದರು. ಆಮೇಲೆ ಟಾರ್ಚು ಬಿಟ್ಟು, ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರಿನ ಸಂದಿಯಲ್ಲಿ ಇಣುಕಿದರು. “ಒಂದು ಕಡೆ ಅರ್ಧ ಇದೆ, ಒಂದು ಕಡೆ ಏನೂ ಇಲ್ಲ. ಇದಕ್ಕೆ ಹಿಂದಿನ ಸಲ ಪ್ಯಾಡ್ ಹಾಕಿದ್ದು ಎಲ್ಲಿ?”

ಬೇರೊಂದು ಊರಿನ ಗ್ಯಾರೇಜಿನಲ್ಲಿ, ಮಳೆಗಾಲಕ್ಕೆ ಮುಂಚೆ, ಎಂದೆ. ಅಲ್ಲಿ ಹತ್ತು ನಿಮಿಷದಲ್ಲಿ ಹಾಕಿ ಕೊಟ್ಟಿದ್ದರು, ಅದನ್ನೂ ಹೇಳಿದೆ. ಅವರು ಆ ಗ್ಯಾರೇಜನ್ನು ಬೈಯಲಿಲ್ಲ. ಗೋಡೆಗೆ ತೂಗುಹಾಕಿದ್ದ ಒಂದು ಕೆಂಪು ಬಟ್ಟೆಯ ಚೂರು ತಂದು ನನ್ನ ಬೈಕಿನ ಬ್ರೇಕ್ ಲಿವರಿಗೆ ಗಂಟು ಹಾಕಿದರು. ಅದೇಕೆಂದು ನಾನು ಆಗ ಕೇಳಲಿಲ್ಲ.

ಮೊದಲು ಅವರು ಮುಟ್ಟಿದ್ದು ಹ್ಯಾಂಡಲ್ ಮೇಲಿನ ಬ್ರೇಕ್ ಆಯಿಲ್ ಡಬ್ಬಿಯನ್ನು. ಸುತ್ತ ಟ್ಯಾಂಕಿನ ಮೇಲೆಲ್ಲ ಬಟ್ಟೆ ಹಾಸಿದರು, ಏಕೆಂದರೆ ಬ್ರೇಕ್ ಆಯಿಲ್ ಒಂದು ಹನಿ ಬಿದ್ದರೂ ಪೇಂಟು ಕಿತ್ತುಬರುತ್ತದೆ. ಮುಚ್ಚಳ ತೆಗೆದು ನೋಡಿ ತಲೆಯಾಡಿಸಿದರು. ಆಯಿಲ್ ಕಂಠಮಟ್ಟ ಇತ್ತು. ಇದೊಂದು ಸೂಕ್ಷ್ಮ ಎಲ್ಲ ಸವಾರರಿಗೂ ಗೊತ್ತಿರಬೇಕು: ಪ್ಯಾಡು ಸವೆದ ಹಾಗೆ ಕ್ಯಾಲಿಪರಿನ ಪಿಸ್ಟನ್ನು ಮುಂದೆ ಬರುತ್ತದೆ, ಅದರ ಹಿಂದಿನ ಜಾಗ ತುಂಬಲು ಆಯಿಲ್ ಕೆಳಗಿಳಿಯುತ್ತದೆ, ಡಬ್ಬಿಯ ಮಟ್ಟ ಕುಸಿಯುತ್ತದೆ. ಎಲ್ಲೂ ಸೋರಿಕೆ ಇಲ್ಲದೆ ಮಟ್ಟ ಇಳಿದಿದೆ ಎಂದರೆ ಪ್ಯಾಡು ನೋಡಿಸು ಎಂದು ಗಾಡಿ ಹೇಳುತ್ತಿದೆ. ಯಾರೋ ಕಾಳಜಿಯಿಂದಲೇ ನನ್ನ ಡಬ್ಬಿ ತುಂಬಿಸಿದ್ದರು, ಆ ಮಾತು ಅಲ್ಲಿಗೇ ಮುಚ್ಚಿಹೋಗಿತ್ತು. ಈಗ ಪಿಸ್ಟನ್ನನ್ನು ಹಿಂದಕ್ಕೆ ತಳ್ಳಿದರೆ ಆಯಿಲ್ ಮೇಲೆ ಬಂದು ಉಕ್ಕುತ್ತದೆ. ಉಸ್ತಾದ್ ಇಂಜೆಕ್ಷನ್ ಸಿರಿಂಜಿನಿಂದ ಸ್ವಲ್ಪ ಹೀರಿ ತೆಗೆದರು. ಬಂದ ಆಯಿಲ್ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತ್ತು.

“ಇದನ್ನೂ ಬದಲಿಸಬೇಕು ಸಾರ್. ನೀರು ಕುಡಿದಿದೆ.”

ಆಷಾಢದಲ್ಲಿ ಅಡುಗೆಮನೆಯ ಉಪ್ಪು ನೀರೊಡೆಯುವ ಹಾಗೆ ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಹೆಚ್ಚಿನ ಬೈಕುಗಳಲ್ಲಿರುವ ಡಾಟ್ 4 ಎಂಬ ಬಗೆ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ನಿಲ್ಲಬೇಕೆಂಬ ನಿಯಮವಿದೆ. ತೇವ ಕುಡಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಘಾಟಿಯಲ್ಲಿ ಬ್ರೇಕು ಹಿಡಿದುಕೊಂಡೇ ಇಳಿದು ಕ್ಯಾಲಿಪರು ಕಾದರೆ ಒಳಗೆ ಗುಳ್ಳೆ ಏಳುತ್ತದೆ. ದ್ರವ ಕುಗ್ಗುವುದಿಲ್ಲ, ಗುಳ್ಳೆ ಕುಗ್ಗುತ್ತದೆ. ಲಿವರ್ ಹಿಡಿಯವರೆಗೂ ಬಂದುಬಿಡುತ್ತದೆ, ಗಾಡಿ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ ಎಂದು ಕೈಪಿಡಿಗಳಲ್ಲಿ ಬರೆದಿರುವುದು ಇದಕ್ಕೆ. ಮಲೆನಾಡಿನ ಮಳೆಯಲ್ಲಿ ಓಡಾಡುವವರು ಆ ಸಾಲನ್ನು ಎರಡು ಸಲ ಓದಬೇಕು.

ಮುಂದೆ ಬಿಚ್ಚುವ ಕೆಲಸ. ಪ್ಯಾಡುಗಳನ್ನು ಪೋಣಿಸಿ ಹಿಡಿದಿರುವ ಒಂದು ಪಿನ್ನು ಕ್ಯಾಲಿಪರಿನೊಳಗೆ ಇರುತ್ತದೆ. ಉಸ್ತಾದ್ ಎಲ್ ಕೀ ಹಾಕಿ ಅದನ್ನು ಮೊದಲು ಅರ್ಧ ಸುತ್ತು ಸಡಿಲ ಮಾಡಿದರು, ಕ್ಯಾಲಿಪರು ಇನ್ನೂ ಫೋರ್ಕಿಗೆ ಬಿಗಿದುಕೊಂಡಿರುವಾಗಲೇ. ಕ್ಯಾಲಿಪರು ಕೈಗೆ ಬಂದ ಮೇಲೆ ತುಕ್ಕು ಹಿಡಿದ ಪಿನ್ನಿಗೆ ಬಲ ಹಾಕಲು ಆಧಾರವೇ ಇರುವುದಿಲ್ಲ, ಕೀ ಜಾರಿ ಪಿನ್ನಿನ ತಲೆ ಹಾಳಾಗುತ್ತದೆ. ಆಮೇಲೆ ಎರಡು ಬೋಲ್ಟು ತೆಗೆದು ಕ್ಯಾಲಿಪರನ್ನು ಡಿಸ್ಕಿನಿಂದ ಹೊರಗೆಳೆದು, ಒಂದು ತಂತಿಯಿಂದ ಹ್ಯಾಂಡಲಿಗೆ ತೂಗುಹಾಕಿದರು. ಬ್ರೇಕಿನ ಪೈಪಿನ ಮೇಲೆ ಅದರ ಭಾರ ಬೀಳಲೇಬಾರದು. ಚಕ್ರದ ಎಬಿಎಸ್ ಸೆನ್ಸರಿನ ವೈರು ಅಲ್ಲೇ ಪಕ್ಕದಲ್ಲಿ ಹಾದುಹೋಗುತ್ತದೆ. ಅದನ್ನು ಹುಡುಗನ ಬೆರಳಿಗೆ ಒಪ್ಪಿಸಿದರು. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಬೈಕುಗಳಿಗೆಲ್ಲ ಎಬಿಎಸ್ ಕಡ್ಡಾಯವಾದ ಮೇಲೆ ಗ್ಯಾರೇಜಿನವರು ಈ ಹೊಸ ಎಚ್ಚರವನ್ನೂ ಕಲಿಯಬೇಕಾಯಿತು.

ಪ್ಯಾಡುಗಳು ಕೈಗೆ ಬಂದವು. ಅವನ್ನು ಪಕ್ಕಪಕ್ಕ ನನ್ನ ಅಂಗೈಯಲ್ಲಿಟ್ಟರು. ಚಕ್ರದ ಬದಿಯ ಪ್ಯಾಡಿನಲ್ಲಿ ಎರಡು ಮಿಲಿಮೀಟರಿಗಿಂತ ಹೆಚ್ಚು ಪದರ ಉಳಿದಿತ್ತು, ಸವೆತದ ಗುರುತಿಗೆಂದು ಕೊರೆದಿರುವ ಗೀರು ಇನ್ನೂ ಕಾಣುತ್ತಿತ್ತು. ಪಿಸ್ಟನ್ ಬದಿಯದರಲ್ಲಿ ಒಂದು ಮೂಲೆಯಲ್ಲಿ ಬೆಳ್ಳಗೆ ಉಕ್ಕು ಹೊಳೆಯುತ್ತಿತ್ತು. ಒಂದೇ ದಿನ ಹಾಕಿದ ಜೋಡಿ ಅದು.

ಈ ಬಗೆಯ ಕ್ಯಾಲಿಪರಿನಲ್ಲಿ ಪಿಸ್ಟನ್ನು ಇರುವುದು ಒಂದೇ ಬದಿಗೆ. ಅದು ತನ್ನ ಕಡೆಯ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಆ ಒತ್ತಡದ ಎದುರುಬಲಕ್ಕೆ ಕ್ಯಾಲಿಪರೇ ಎರಡು ನುಣುಪಾದ ಸರಳುಗಳ ಮೇಲೆ ಜಾರಿ ಇನ್ನೊಂದು ಪ್ಯಾಡನ್ನು ಆಚೆ ಬದಿಯಿಂದ ಎಳೆದು ತರುತ್ತದೆ. ಇಕ್ಕಳದ ಎರಡು ದವಡೆಯ ಹಾಗೆ ಎರಡೂ ಸಮ ಹಿಡಿಯಬೇಕು. ಆ ಸರಳು ಜಾರದಿದ್ದರೆ ದುಡಿಯುವುದು ಒಂದೇ ದವಡೆ. ಉಸ್ತಾದ್ ಸರಳುಗಳನ್ನು ಎಳೆದರು. ಒಂದು ಬಂತು. ಇನ್ನೊಂದಕ್ಕೆ ತಿರುಚಿ ತಿರುಚಿ ಎಳೆಯಬೇಕಾಯಿತು. ಕೊನೆಗೆ ಕೆಂಪು ಮಣ್ಣಿನ ಮುದ್ದೆಯೊಂದಿಗೆ ಹೊರಬಂತು. ರಬ್ಬರಿನ ತೊಡುಗೆಯ ಬಾಯಿ ಮಡಚಿಕೊಂಡಿದ್ದರಿಂದ ಒಂದಿಡೀ ಮಳೆಗಾಲದ ಕೆಸರು ಒಳಗೆ ಹೋಗಿ ಗ್ರೀಸಿನ ಜೊತೆ ಕಲಸಿಕೊಂಡು ಒಣಗಿತ್ತು. ಹಿಂದಿನ ಸಲ ಇದನ್ನು ಯಾರೂ ತೆಗೆದು ನೋಡಿರಲಿಲ್ಲ. ನನ್ನ ಪ್ಯಾಡನ್ನು ತಿಂದದ್ದು ಘಾಟಿಯೂ ಅಲ್ಲ, ನನ್ನ ಓಡಿಸುವಿಕೆಯೂ ಅಲ್ಲ; ಕಿರುಬೆರಳಿನಷ್ಟಿರುವ ಈ ಸರಳು.

ಸರಳನ್ನು ಒರೆಸಿ, ಉಪ್ಪುಕಾಗದದಿಂದ ಹಗುರಾಗಿ ಉಜ್ಜಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಒರೆಸಿದರು. ಅದಕ್ಕೆ ಹಚ್ಚಿದ್ದು ಸಿಲಿಕೋನ್ ಗ್ರೀಸು. ಚಕ್ರದ ಬೇರಿಂಗಿಗೆ ಹಾಕುವ ಮಾಮೂಲಿ ಗ್ರೀಸು ಇಲ್ಲಿನ ರಬ್ಬರನ್ನು ಉಬ್ಬಿಸುತ್ತದೆ, ಆಮೇಲೆ ಸರಳು ಮೊದಲಿಗಿಂತ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಪೆಟ್ರೋಲಿನಲ್ಲಿ ತೊಳೆಯುವ ಅಭ್ಯಾಸ ಗ್ಯಾರೇಜುಗಳಲ್ಲಿ ಎಲ್ಲ ಕಡೆ ಇದೆ. ಉಸ್ತಾದ್ ರಬ್ಬರ್ ಇರುವಲ್ಲಿ ಪೆಟ್ರೋಲು ತರುವುದಿಲ್ಲ. ಗಾಳಿ ಪೈಪಿನಿಂದ ದೂಳು ಊದುವುದೂ ಇಲ್ಲ. ಹಿಂದೆ ಪ್ಯಾಡುಗಳಲ್ಲಿ ಕಲ್ನಾರು ಬೆರೆಸುತ್ತಿದ್ದರು, ಅದರ ಸಣ್ಣ ನಾರು ಶ್ವಾಸಕೋಶಕ್ಕೆ ಹೊಕ್ಕರೆ ಕ್ಯಾನ್ಸರ್ ತರುತ್ತದೆ. ಈಗಿನ ಪ್ಯಾಡಿನ ದೂಳೂ ಉಸಿರಿಗೆ ಒಳ್ಳೆಯದಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸುವುದೇ ಅವರ ಪದ್ಧತಿ. ಹುಡುಗನಿಗೂ ಹಾಗೇ ಕಲಿಸಿದ್ದಾರೆ.

ನಾನು ಕುರ್ಚಿಯಿಂದ ಎದ್ದು ಹತ್ತಿರ ಹೋಗಿ ಕೂತದ್ದು ಆಮೇಲಿನ ಕೆಲಸಕ್ಕೆ. ಸವೆದ ಪ್ಯಾಡಿನ ಹಿಂದೆ ಪಿಸ್ಟನ್ನು ನಾಲ್ಕು ಮಿಲಿಮೀಟರಿನಷ್ಟು ಹೊರಗೆ ಚಾಚಿಕೊಂಡು ನಿಂತಿತ್ತು. ಆ ಚಾಚಿದ ಭಾಗಕ್ಕೆ ಕರಿ, ಮಣ್ಣು, ಪ್ಯಾಡಿನ ಪುಡಿ ಎಲ್ಲ ಸೇರಿ ಸುತ್ತಲೂ ಒಂದು ಉಂಗುರ ಕಟ್ಟಿತ್ತು. ಹತ್ತು ನಿಮಿಷದವರು ಇಲ್ಲಿ ಒಂದು ಸ್ಕ್ರೂ ಡ್ರೈವರ್ ತೂರಿಸಿ ಪಿಸ್ಟನ್ನನ್ನು ಹಾಗೇ ಹಿಂದಕ್ಕೆ ಮೀಟುತ್ತಾರೆ. ಆಗ ಆ ಕೊಳೆಯೆಲ್ಲ ಒಳಗಿನ ರಬ್ಬರ್ ಸೀಲನ್ನು ಗೀರಿಕೊಂಡು ಹೋಗುತ್ತದೆ.

ಆ ಸೀಲಿನ ಬಗ್ಗೆ ನನಗೆ ಬಹಳ ಗೌರವ. ಅದು ಪಿಸ್ಟನ್ನಿನ ಸುತ್ತ ಕೂತಿರುವ ಚೌಕ ಅಂಚಿನ ಒಂದು ರಬ್ಬರ್ ಬಳೆ, ಅಷ್ಟೆ. ಆಯಿಲ್ ಹೊರಬರದಂತೆ ತಡೆಯುವುದು ಅದರ ಒಂದು ಕೆಲಸ. ಲಿವರ್ ಒತ್ತಿದಾಗ ಪಿಸ್ಟನ್ನು ಕೂದಲೆಳೆಯಷ್ಟು ಮುಂದೆ ಹೋಗುತ್ತದೆ. ಅದನ್ನು ತಬ್ಬಿ ಹಿಡಿದಿರುವ ಬಳೆ ಅದರ ಜೊತೆ ಸ್ವಲ್ಪ ತಿರುಚಿಕೊಳ್ಳುತ್ತದೆ. ಲಿವರ್ ಬಿಟ್ಟಾಗ ಬಳೆ ತನ್ನ ಮೊದಲಿನ ಆಕಾರಕ್ಕೆ ಮರಳುತ್ತ ಪಿಸ್ಟನ್ನನ್ನು ಅಷ್ಟೇ ಹಿಂದೆ ಎಳೆದುಕೊಳ್ಳುತ್ತದೆ. ಪ್ಯಾಡು ಡಿಸ್ಕನ್ನು ಬಿಡುವುದು ಹೀಗೆ, ಬೇರೆ ಯಾವ ಸ್ಪ್ರಿಂಗೂ ಅದನ್ನು ಹಿಂದಕ್ಕೆ ಎಳೆಯುವುದಿಲ್ಲ. ಪ್ಯಾಡು ಸವೆದು ಪಿಸ್ಟನ್ನು ಇನ್ನೂ ಮುಂದೆ ಹೋಗಬೇಕಾದಾಗ ಬಳೆಯ ಹಿಡಿತದಿಂದ ತುಸು ಜಾರಿ ಹೊಸ ಜಾಗದಲ್ಲಿ ನಿಲ್ಲುತ್ತದೆ. ಜಾವಾದ ಕಾಲದಲ್ಲಿ ನಟ್ಟು ತಿರುಗಿಸಿ ಮಾಡುತ್ತಿದ್ದ ಕೆಲಸವನ್ನು ಈ ಬಳೆ ಪ್ರತಿ ಹಿಡಿತಕ್ಕೂ ಮಾಡುತ್ತಿದೆ. ಇದನ್ನು ಗೀರಿದರೆ, ಅಥವಾ ಕೊಳೆ ಸೇರಿ ಪಿಸ್ಟನ್ನು ಕಚ್ಚಿಕೊಂಡರೆ, ಬ್ರೇಕು ಹಿಡಿಯದಿದ್ದಾಗಲೂ ಪ್ಯಾಡು ಡಿಸ್ಕಿಗೆ ಉಜ್ಜುತ್ತಲೇ ಇರುತ್ತದೆ.

ಉಸ್ತಾದ್ ಹಳೆಯ ಹಲ್ಲುಜ್ಜುವ ಬ್ರಶ್ಶು ಮತ್ತು ಸೋಪಿನ ನೀರು ತೆಗೆದುಕೊಂಡರು. ಮುಂಭಾಗ ಉಜ್ಜಿದ ಮೇಲೆ ಹಿಂಭಾಗಕ್ಕೆ ಬ್ರಶ್ಶು ತಲುಪದು. ಹತ್ತಿ ಬಟ್ಟೆಯ ಒಂದು ಸಣ್ಣ ಪಟ್ಟಿಯನ್ನು ಹರಿದು, ಒದ್ದೆ ಮಾಡಿ, ಪಿಸ್ಟನ್ನಿನ ಹಿಂದೆ ಸುತ್ತಿ ಎರಡು ತುದಿಗಳನ್ನು ಹಿಡಿದು, ಮಜ್ಜಿಗೆ ಕಡೆಯುವ ಹಗ್ಗದ ಹಾಗೆ ಒಮ್ಮೆ ಆ ಕಡೆ ಒಮ್ಮೆ ಈ ಕಡೆ ಎಳೆದಾಡಿದರು. ಪಟ್ಟಿ ಕಪ್ಪಾಯಿತು. ಇನ್ನೊಂದು ಪಟ್ಟಿ. ಅದು ಬೂದಿ ಬಣ್ಣಕ್ಕೆ ಬಂತು. ಮೂರನೆಯದು ಬೆಳ್ಳಗೆ ಉಳಿಯುವವರೆಗೂ ನಿಲ್ಲಿಸಲಿಲ್ಲ. ಆಮೇಲೆ ಎರಡು ಹೆಬ್ಬೆರಳು ಪಿಸ್ಟನ್ನಿನ ಮೇಲಿಟ್ಟು, ಕಣ್ಣು ಬೇರೆಲ್ಲೋ ನೆಟ್ಟು, ಮೆಲ್ಲಗೆ ಒತ್ತಿದರು. ಅದು ಬೆಣ್ಣೆಯೊಳಗೆ ಇಳಿದ ಹಾಗೆ ನೇರವಾಗಿ ಹಿಂದಕ್ಕೆ ಹೋಯಿತು. “ಕೈಯಲ್ಲಿ ಹೋದರೆ ಆರೋಗ್ಯ ಚೆನ್ನಾಗಿದೆ ಅಂತ ಅರ್ಥ,” ಎಂದರು. ಮೇಲೆ ಡಬ್ಬಿಯಲ್ಲಿ ಆಯಿಲ್ ಏರಿದ್ದನ್ನು ಹುಡುಗ ಕೂಗಿ ಹೇಳಿದ.

ಡಿಸ್ಕಿನ ಮೇಲೆ ಸಣ್ಣ ಅಕ್ಷರದಲ್ಲಿ ಅದರ ಕನಿಷ್ಠ ದಪ್ಪ ಕೊರೆದಿರುತ್ತದೆ. ವರ್ನಿಯರ್ ಹಿಡಿದು ಅಳೆದಾಗ ನನ್ನದು ಇನ್ನೂ ಮಿತಿಯೊಳಗಿತ್ತು. ಉಕ್ಕು ತಾಗಿದ ಕಡೆ ಒಂದು ತೆಳು ಗೆರೆ ಎದ್ದಿತ್ತು, ಉಗುರಿಗೆ ತುಸುವೇ ಸಿಗುವಷ್ಟು. ಇನ್ನೂ ನೂರು ಕಿಲೋಮೀಟರ್ ಹಾಗೇ ಓಡಿಸಿದ್ದರೆ ನೇಗಿಲ ಸಾಲು ಮೂಡುತ್ತಿತ್ತು, ಕೆಲವು ನೂರು ರೂಪಾಯಿಯ ಪ್ಯಾಡಿನ ಜೊತೆಗೆ ಸಾವಿರಗಟ್ಟಲೆಯ ಡಿಸ್ಕೂ ಹೋಗುತ್ತಿತ್ತು.

ಹೊಸ ಪ್ಯಾಡು ಕೂರಿಸಿದ್ದು ನಿಜಕ್ಕೂ ಎರಡೇ ನಿಮಿಷ. ಅಲುಗಾಟ ತಡೆಯುವ ತಗಡಿನ ಸ್ಪ್ರಿಂಗು ಮೊದಲಿದ್ದ ಜಾಗಕ್ಕೆ, ಪ್ಯಾಡುಗಳ ಮುಖ ಡಿಸ್ಕಿನ ಕಡೆಗೆ, ಉಜ್ಜಿ ನುಣುಪು ಮಾಡಿದ ಪಿನ್ನು ಎರಡನ್ನೂ ಪೋಣಿಸಿಕೊಂಡು. ಗ್ರೀಸಿನ ಕೈಯನ್ನು ಸೋಪು ಹಚ್ಚಿ ತೊಳೆದ ಮೇಲೆಯೇ ಅವರು ಹೊಸ ಪ್ಯಾಡಿನ ಪೊಟ್ಟಣ ಒಡೆದದ್ದು. ಜಿಡ್ಡು ಹೀರಿದ ಪ್ಯಾಡು ಮತ್ತೆ ಸರಿಹೋಗುವುದಿಲ್ಲ. ಆಯಿಲನ್ನೂ ಬದಲಿಸಿದರು: ಹುಡುಗ ಲಿವರ್ ಒತ್ತಿ ಹಿಡಿಯುವುದು, ಉಸ್ತಾದ್ ಕೆಳಗೆ ನಿಪ್ಪಲ್ ಸಡಿಲಿಸಿ ಬಿಗಿಯುವುದು, ಆಮೇಲೆ ಹುಡುಗ ಲಿವರ್ ಬಿಡುವುದು. ಪಾರದರ್ಶಕ ಪೈಪಿನಲ್ಲಿ ಡಿಕಾಕ್ಷನ್ ಬಣ್ಣ ಹೋಗಿ ತಿಳಿ ಜೇನಿನ ಬಣ್ಣ ಬರುವವರೆಗೂ. ಡಬ್ಬಿ ಬರಿದಾಗಿ ಗಾಳಿ ಹೊಗದಂತೆ ನಡುನಡುವೆ ತುಂಬಿಸುತ್ತ.

ಕೆಲಸ ಮುಗಿಯಿತೆಂದು ನಾನು ಹೆಲ್ಮೆಟ್ಟಿಗೆ ಕೈ ಹಾಕಿದೆ. ಲಿವರಿನ ಮೇಲೆ ಆ ಕೆಂಪು ಬಟ್ಟೆ ಇನ್ನೂ ಇತ್ತು.

“ಅದನ್ನು ಬಿಚ್ಚೋದು ನಾನು,” ಎಂದರು ಉಸ್ತಾದ್. ಕೆಲಸ ಕಲಿಯುತ್ತಿದ್ದ ವಯಸ್ಸಿನಲ್ಲಿ ಅವರು ಪ್ಯಾಡು ಹಾಕಿ ಲಿವರ್ ಒತ್ತಿ ನೋಡದೆ ಬೈಕು ತೆಗೆದುಕೊಂಡು ರಸ್ತೆಗೆ ಇಳಿದಿದ್ದರಂತೆ. ಎದುರಿಗೆ ಬಸ್ಸು. ಒತ್ತಿದರು, ಲಿವರ್ ಸೀದಾ ಹಿಡಿಗೆ ಬಂತು. ಎರಡನೇ ಸಲವೂ ಹಾಗೇ. ಮೂರನೇ ಸಲ ಹಿಡಿಯುವಷ್ಟರಲ್ಲಿ ಅವರು ಚರಂಡಿಯಲ್ಲಿದ್ದರು. ಕಾಲಿನ ಮೇಲೆ ಅದರ ಗುರುತು ತೋರಿಸಿದರು.

ಲೆಕ್ಕ ಸರಳ. ಲಿವರ್ ಬುಡದ ಪಿಸ್ಟನ್ನಿನ ಅಗಲ 12 ಮಿಲಿಮೀಟರ್, ಕ್ಯಾಲಿಪರಿನದು 30 ಎಂದುಕೊಂಡರೆ, ವಿಸ್ತೀರ್ಣದಲ್ಲಿ ಎರಡನೆಯದು ಮೊದಲನೆಯದರ ಸುಮಾರು ಆರು ಪಟ್ಟು. ಕೈಯ ಬಲವನ್ನು ಆರು ಪಟ್ಟು ಮಾಡಿ ಕೊಡುವುದು ಈ ವ್ಯತ್ಯಾಸವೇ. ಅದಕ್ಕೆ ತೆರುವ ಬೆಲೆ ದೂರ: ಮೇಲಿನದು ಆರು ಮಿಲಿಮೀಟರ್ ಸಾಗಿದರೆ ಕೆಳಗಿನದು ಒಂದೇ. ಹಿಂದಕ್ಕೆ ತಳ್ಳಿದ ಪಿಸ್ಟನ್ನು ಮತ್ತೆ ಪ್ಯಾಡನ್ನು ಮುಟ್ಟಲು ಒಂದು ಹಿಡಿತ ಸಾಲದು, ಹಲವು ಬೇಕು. ಆ ಹಲವು ಹಿಡಿತಗಳು ನಡೆಯಬೇಕಾದ್ದು ಗ್ಯಾರೇಜಿನ ಅಂಗಳದಲ್ಲಿ. ಪ್ಯಾಡು ಹೊರಗಿದ್ದಾಗ ಯಾರೂ ಲಿವರ್ ಮುಟ್ಟದಿರಲೆಂದು ಬಟ್ಟೆ ಕಟ್ಟುವುದು. ಬಿಚ್ಚುವ ಹಕ್ಕು ಲಿವರ್ ಒತ್ತಿ ನೋಡಿದವರಿಗೆ ಮಾತ್ರ.

ಆಯಿಲ್ ಬದಲಿಸುವಾಗ ಹುಡುಗ ಅಷ್ಟು ಸಲ ಒತ್ತಿದ್ದರೂ ಅವರು ತಾವೇ ಮತ್ತೆ ಒತ್ತಿದರು. ಒಂದು, ಎರಡು, ಮೂರು. ಲಿವರ್ ಕಲ್ಲಿನ ಹಾಗೆ ನಿಂತಿತು. ಒತ್ತಿ ಹಿಡಿದುಕೊಂಡೇ ಒಂದು ನಿಮಿಷ ಕಾದರು. ಮೆಲ್ಲಗೆ ಇಳಿದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಇಳಿಯಲಿಲ್ಲ. ಚಕ್ರ ತಿರುಗಿಸಿದರು, ಸರಾಗವಾಗಿ ತಿರುಗಿತು. ಬಟ್ಟೆ ಬಿಚ್ಚಿ ಗೋಡೆಯ ಮೊಳೆಗೆ ತೂಗುಹಾಕಿದರು.

ನಾನು ಘಾಟಿಯ ಕಡೆ ಬೈಕು ತಿರುಗಿಸುವುದನ್ನು ನೋಡಿ ತಡೆದರು. ಹೊಸ ಪ್ಯಾಡಿನ ಮುಖ ಸಪಾಟಾಗಿರುತ್ತದೆ, ಹಳೆಯ ಡಿಸ್ಕಿನ ಮುಖದಲ್ಲಿ ಸಣ್ಣ ಏರಿಳಿತ ಇರುತ್ತದೆ. ಎರಡೂ ಒಂದಕ್ಕೊಂದು ಹೊಂದುವವರೆಗೆ ಪೂರ್ತಿ ಹಿಡಿತ ಬರುವುದಿಲ್ಲ. ಈಗಲೇ ಇಳಿಜಾರಿನಲ್ಲಿ ಒತ್ತಿ ಹಿಡಿದು ಕಾಯಿಸಿದರೆ ಪ್ಯಾಡಿನ ಮೇಲ್ಮೈ ಸುಟ್ಟು ಗಾಜಿನಂತಾಗುತ್ತದೆ, ಆಮೇಲೆ ಅದು ಕಿರುಚುತ್ತದೆ ಹೊರತು ಹಿಡಿಯುವುದಿಲ್ಲ. “ಬಣಕಲ್ ಕಡೆ ಹೋಗಿ ಬನ್ನಿ. ನಲವತ್ತಕ್ಕೆ ಏರಿಸಿ, ಹತ್ತಕ್ಕೆ ಇಳಿಸಿ. ಪೂರ್ತಿ ನಿಲ್ಲಿಸಬೇಡಿ. ಇಪ್ಪತ್ತೈದು ಮೂವತ್ತು ಸಲ. ನಡುನಡುವೆ ಆರೋಕೆ ಬಿಡಿ.”

ಕಾಫಿ ತೋಟಗಳ ನಡುವಿನ ಆ ರಸ್ತೆಯಲ್ಲಿ ಹಿಂದೆ ಗಾಡಿ ಇಲ್ಲದ ಹೊತ್ತು ನೋಡಿ ಏರಿಸಿದೆ, ಇಳಿಸಿದೆ. ಮೊದಲ ಐದಾರು ಸಲ ಲಿವರಿನಲ್ಲಿ ಮರ ಹಿಡಿದ ಹಾಗೆ ಜೀವವಿರಲಿಲ್ಲ. ಹದಿನೈದರ ಆಸುಪಾಸು ಬೆರಳ ತುದಿಗೆ ಒಂದು ಕಚ್ಚು ಸಿಗತೊಡಗಿತು. ಇಪ್ಪತ್ತೈದಾಗುವಾಗ ಎರಡು ಬೆರಳ ಒತ್ತಡಕ್ಕೆ ಬೈಕಿನ ಮೂತಿ ಬಾಗುತ್ತಿತ್ತು.

ಮರಳಿ ಬಂದಾಗ ಉಸ್ತಾದ್ ಬೇರೊಂದು ಸ್ಕೂಟರಿನ ಮುಂದೆ ಕೂತಿದ್ದರು. ಎದ್ದು ಬಂದು, ಮುಂಗೈಯ ಹಿಂಬದಿಯನ್ನು ಡಿಸ್ಕಿಗೆ ತಾಗಿಸದೆ ಹತ್ತಿರ ಹಿಡಿದು ಬಿಸಿ ನೋಡಿದರು. ಬಗ್ಗಿ ಅದರ ಮುಖ ನೋಡಿದರು. ಅಂಚಿನಿಂದ ಅಂಚಿಗೆ ಒಂದೇ ಸಮನಾದ ಬೂದು ಬಣ್ಣ ಕೂತಿತ್ತು. ಆಚೆ ಬದಿಗೂ ಟಾರ್ಚು ಬಿಟ್ಟು ನೋಡಿದರು. ಅಲ್ಲೂ ಅದೇ ಬಣ್ಣ.

“ಹತ್ತು ನಿಮಿಷ ಆರಲಿ. ಅಷ್ಟರಲ್ಲಿ ಒಂದು ಚಾ ಕುಡೀರಿ. ಆಮೇಲೆ ಇಳೀರಿ,” ಎಂದು ಹೇಳಿ ಸ್ಕೂಟರಿನ ಕಡೆ ಹೋದರು. ಅದರ ಲಿವರಿಗೆ ಕೆಂಪು ಬಟ್ಟೆ ಕಟ್ಟಿತ್ತು.